ಗಾಳಿಯ ಸಿಮ್ಯುಲೇಶನ್ ವರದಿಗಳಲ್ಲಿ ಟರ್ಬ್ಯುಲೆನ್ಸ್ ಮಾದರಿಯ ವಿವರ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರು, ಮಂಗಳೂರಿನಂಥ ನಗರಗಳಲ್ಲಿ ಮೂವತ್ತು, ನಲವತ್ತು ಅಂತಸ್ತಿನ ವಸತಿ ಗೋಪುರಗಳು ಒಂದರ ಪಕ್ಕ ಒಂದು ಏಳುತ್ತಿವೆ. ಅವುಗಳ ಮಾರಾಟದ ಕೈಪಿಡಿಗಳಲ್ಲಿ, ಸಲಹೆಗಾರರ ವರದಿಗಳಲ್ಲಿ, ಕೆಲವೊಮ್ಮೆ ಪತ್ರಿಕೆಗಳ ಕಟ್ಟಡ ಪುರವಣಿಗಳಲ್ಲಿಯೂ ಒಂದು ಬಗೆಯ ಚಿತ್ರ ಕಾಣುತ್ತದೆ: ಕಟ್ಟಡವನ್ನು ಬಳಸಿ ಹೋಗುವ ಕೆಂಪು, ಹಳದಿ, ನೀಲಿ ಪಟ್ಟೆಗಳು, ಅದರ ಕೆಳಗೆ ಗಾಳಿಯ ಹರಿವನ್ನು ಕಂಪ್ಯೂಟರ್ ಸಿಮ್ಯುಲೇಶನ್ ಮೂಲಕ ಪರೀಕ್ಷಿಸಲಾಗಿದೆ ಎಂಬ ಒಂದು ಸಾಲು. ಆ ಲೆಕ್ಕಕ್ಕೆ ಯಾವ ಟರ್ಬ್ಯುಲೆನ್ಸ್ (ಪ್ರಕ್ಷುಬ್ಧತೆ) ಮಾದರಿಯನ್ನು, ಅಂದರೆ ಗಾಳಿಯ ಸುಳಿಗಳ ಪರಿಣಾಮವನ್ನು ಅಂದಾಜಿಸುವ ಯಾವ ಸೂತ್ರಗಳನ್ನು, ಆರಿಸಿಕೊಳ್ಳಲಾಯಿತು, ಒಳಬರುವ ಗಾಳಿಯಲ್ಲಿ ಎಷ್ಟು ಪ್ರಕ್ಷುಬ್ಧತೆ ಇದೆಯೆಂದು ಇಟ್ಟುಕೊಳ್ಳಲಾಯಿತು, ನೆಲದ ಒರಟುತನಕ್ಕೆ ಯಾವ ಬೆಲೆ ಕೊಡಲಾಯಿತು ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಇತ್ತೀಚೆಗೆ ಒಂದು ವಸತಿ ಸಮುಚ್ಚಯದ ನಿವಾಸಿಗಳು ಅಭಿಪ್ರಾಯ ಕೇಳಲು ನನಗೆ ತಂದು ತೋರಿಸಿದ ವರದಿಯಲ್ಲಿ ಚಿತ್ರಗಳಿಗೆ ಪುಟಗಟ್ಟಲೆ ಜಾಗವಿತ್ತು. ಲೆಕ್ಕದ ವಿಧಾನಕ್ಕೆ ಮೀಸಲಾದ ಪುಟದಲ್ಲಿ ಸಾಫ್ಟ್‌ವೇರಿನ ಹೆಸರು ಮತ್ತು ಅದರ ಆವೃತ್ತಿಯ ಸಂಖ್ಯೆ ಇದ್ದವು, ಅಷ್ಟೆ. ಈ ಕೊರತೆ ಕೇವಲ ಔಪಚಾರಿಕವಾದುದಲ್ಲ, ಅದೇ ಕಟ್ಟಡಕ್ಕೆ ಅದೇ ಸಾಫ್ಟ್‌ವೇರ್ ಪರಸ್ಪರ ಹೊಂದದ ಎರಡು ಉತ್ತರಗಳನ್ನು ಕೊಡಬಲ್ಲುದು ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದೀತು, ಸಹಿಸಬೇಕು.

ಗಾಳಿಯ ಚಲನೆಯ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತಿರುವಾಗ ‘ಮಾದರಿ’ ಎಂಬ ಊಹೆಯ ಅಗತ್ಯವಾದರೂ ಏನು ಎಂದು ಯಾರಾದರೂ ಕೇಳಬಹುದು. ನೂರು ಮೀಟರ್ ಎತ್ತರದ ಕಟ್ಟಡಕ್ಕೆ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಬಡಿಯುತ್ತಿದೆ ಎಂದುಕೊಂಡರೆ, ಅದರ ರೆನಾಲ್ಡ್ಸ್ ಸಂಖ್ಯೆ (ವೇಗ ಮತ್ತು ಅಳತೆಯ ಗುಣಲಬ್ಧವನ್ನು ಗಾಳಿಯ ಸ್ನಿಗ್ಧತೆಯಿಂದ, ಅಂದರೆ ಒಳಘರ್ಷಣೆಯ ಅಳತೆಯಿಂದ, ಭಾಗಿಸಿದ್ದು) ಆರು ಕೋಟಿಯ ಆಸುಪಾಸಿನಲ್ಲಿರುತ್ತದೆ. ಕಟ್ಟಡದಷ್ಟೇ ಅಗಲದ ದೊಡ್ಡ ಸುಳಿಗಳಿಂದ ಹಿಡಿದು ಮಿಲಿಮೀಟರಿನ ಅಳತೆಯ ಪುಟ್ಟ ಸುಳಿಗಳವರೆಗೆ ಎಲ್ಲವನ್ನೂ ನೇರವಾಗಿ ಲೆಕ್ಕ ಹಾಕಬೇಕಾದರೆ ಬೇಕಾಗುವ ಬಿಂದುಗಳ ಸಂಖ್ಯೆ ರೆನಾಲ್ಡ್ಸ್ ಸಂಖ್ಯೆಯ 9/4ನೇ ಘಾತದಂತೆ ಏರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಹತ್ತರ ಹದಿನೇಳನೆಯ ಘಾತವನ್ನು ದಾಟುತ್ತದೆ. ಇಂದಿನ ಯಾವ ಸೂಪರ್‌ಕಂಪ್ಯೂಟರಿಗೂ ಅದು ಎಟುಕುವ ಮಾತಲ್ಲ. ಆದ್ದರಿಂದ ಆಸ್ಬೋರ್ನ್ ರೆನಾಲ್ಡ್ಸ್ 1895ರಲ್ಲಿ ತೋರಿಸಿದ ದಾರಿಯನ್ನೇ ಎಂಜಿನಿಯರುಗಳು ಇಂದಿಗೂ ಹಿಡಿಯುತ್ತಾರೆ: ವೇಗವನ್ನು ಸರಾಸರಿ ಮತ್ತು ಏರಿಳಿತ ಎಂದು ಎರಡಾಗಿ ಒಡೆದು, ಸರಾಸರಿಗೆ ಮಾತ್ರ ಸಮೀಕರಣ ಬರೆಯುವುದು. ಹಾಗೆ ಮಾಡಿದಾಗ ಏರಿಳಿತಗಳು ಸರಾಸರಿ ಹರಿವಿನ ಮೇಲೆ ಬೀರುವ ಬಲ ಹೊಸ ಅಜ್ಞಾತವಾಗಿ ಉಳಿದುಬಿಡುತ್ತದೆ, ಅದನ್ನು ಕೊಡುವ ಸಮೀಕರಣ ನಮ್ಮ ಕೈಯಲ್ಲಿರುವುದಿಲ್ಲ. ಅದಕ್ಕೂ ಹಿಂದೆ, 1877ರಲ್ಲಿ, ಫ್ರಾನ್ಸಿನ ಬುಸಿನೆಸ್ಕ್ ಸುಳಿಗಳ ಪರಿಣಾಮವನ್ನು ಹೆಚ್ಚುವರಿ ಸ್ನಿಗ್ಧತೆಯೆಂದು ಭಾವಿಸಬಹುದು ಎಂದು ಸೂಚಿಸಿದ್ದರು. ಆ ಹೆಚ್ಚುವರಿ ಸ್ನಿಗ್ಧತೆ ಎಲ್ಲಿ ಎಷ್ಟು ಎಂದು ಹೇಳುವ ನಿಯಮಗಳೇ ಇಂದು ಬಳಕೆಯಲ್ಲಿರುವ ಬಹುತೇಕ ಟರ್ಬ್ಯುಲೆನ್ಸ್ ಮಾದರಿಗಳು.

ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1970ರ ದಶಕದ ಆರಂಭದಲ್ಲಿ ರೂಪುಗೊಂಡ, ಲಾಂಡರ್ ಮತ್ತು ಸ್ಪಾಲ್ಡಿಂಗ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಕೆ–ಎಪ್ಸಿಲಾನ್ ಮಾದರಿ. ಕೆ ಎಂದರೆ ಏರಿಳಿತಗಳ ಶಕ್ತಿ, ಎಪ್ಸಿಲಾನ್ ಎಂದರೆ ಆ ಶಕ್ತಿ ಕರಗಿಹೋಗುವ ದರ. ಅದರಲ್ಲಿ ಐದು ಸ್ಥಿರಾಂಕಗಳಿವೆ: 0.09, 1.44, 1.92, 1.0 ಮತ್ತು 1.3. ಇವು ಮೂಲ ಸಮೀಕರಣಗಳಿಂದ ತಾವಾಗಿ ಇಳಿದು ಬಂದವಲ್ಲ, ಸರಳವಾದ ಕೆಲವು ಪ್ರಯೋಗಗಳಿಗೆ ಹೊಂದುವಂತೆ ಕೂರಿಸಿದವು. ಚಪ್ಪಟೆ ಗೋಡೆಯ ಪಕ್ಕದ ಗಡಿಪದರದಲ್ಲಿ (ಗೋಡೆಗೆ ತಾಗಿ ನಿಧಾನವಾಗುವ ಗಾಳಿಯ ತೆಳುಪದರದಲ್ಲಿ) ಪದರಗಳ ನಡುವೆ ಏರಿಳಿತಗಳು ಹುಟ್ಟಿಸುವ ಬಲಕ್ಕೂ ಏರಿಳಿತಗಳ ಶಕ್ತಿಗೂ ಇರುವ ಅನುಪಾತ ಸುಮಾರು 0.3 ಎಂದು ಮಾಪನಗಳು ಹೇಳುತ್ತವೆ, ಅದರ ವರ್ಗವೇ 0.09. ಒಂದು ಜಾಲರಿಯನ್ನು ಹಾದುಬಂದ ಗಾಳಿಯಲ್ಲಿನ ಸುಳಿಗಳು ವಿಂಡ್ ಟನೆಲಿನ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದ) ಉದ್ದಕ್ಕೂ ಸೊರಗುತ್ತ ಹೋಗುವ ಬಗೆಯನ್ನು ನೋಡಿ 1.92ಕ್ಕೆ ಬಂದರು. ಅಂದರೆ ಪೈಪು, ಚಪ್ಪಟೆ ತಟ್ಟೆ, ಮುಕ್ತವಾಗಿ ಹೊರಚಿಮ್ಮುವ ಧಾರೆ ಇಂಥ ಹರಿವುಗಳಲ್ಲಿ ಪಳಗಿದ ಮಾದರಿ ಇದು. ಇದರ ಕರ್ತೃಗಳು ಇದನ್ನು ಸರ್ವವ್ಯಾಪಿ ಸತ್ಯವೆಂದು ಮಂಡಿಸಿದವರಲ್ಲ. ಹಾಗೆ ಮಾಡಿದ್ದು ಮುಂದೆ ಅದನ್ನು ಮೆನುವಿನಲ್ಲಿ ಮೊದಲ ಆಯ್ಕೆಯಾಗಿ ಕಂಡ ಬಳಕೆದಾರರು.

ಕಟ್ಟಡದ ವಿಷಯಕ್ಕೆ ಬಂದಾಗ ಈ ಮಾದರಿ ಎಡವುವ ಜಾಗ ಚೆನ್ನಾಗಿ ಗುರುತಾಗಿದೆ. ಗಾಳಿ ಗೋಡೆಗೆ ನೇರವಾಗಿ ಬಡಿದು ನಿಲ್ಲುವ ಭಾಗದಲ್ಲಿ ಮೂಲ ಕೆ–ಎಪ್ಸಿಲಾನ್ ಮಾದರಿ ವಾಸ್ತವಕ್ಕಿಂತ ಬಹಳ ಹೆಚ್ಚು ಪ್ರಕ್ಷುಬ್ಧತೆಯನ್ನು ಹುಟ್ಟಿಸುತ್ತದೆ. ಆ ಹೆಚ್ಚುವರಿ ಪ್ರಕ್ಷುಬ್ಧತೆ ಹರಿವಿನೊಡನೆ ಮೇಲೇರಿ ಛಾವಣಿಯ ಅಂಚನ್ನು ತಲುಪುವಷ್ಟರಲ್ಲಿ ಗಾಳಿಯನ್ನು ಕೃತಕವಾಗಿ ದಪ್ಪವಾಗಿಸಿಬಿಟ್ಟಿರುತ್ತದೆ. ಪರಿಣಾಮವಾಗಿ, ನಿಜದಲ್ಲಿ ಅಂಚಿನ ಬಳಿ ಗೋಡೆಯಿಂದ ಕಳಚಿಕೊಂಡು ಛಾವಣಿಯ ಮೇಲೆ ಹಿಮ್ಮುಖವಾಗಿ ಸುತ್ತಬೇಕಾದ ಗಾಳಿ, ಲೆಕ್ಕದಲ್ಲಿ ಛಾವಣಿಗೆ ಅಂಟಿಕೊಂಡು ಸರಾಗವಾಗಿ ಹರಿದುಹೋಗುತ್ತದೆ. ಮೇಲಕ್ಕೆ ಹೀರುವ ಬಲ ಅತಿ ಹೆಚ್ಚಾಗಿರುವುದು ಕಳಚುವಿಕೆಯ ಆ ಜಾಗದಲ್ಲಿಯೇ. ಛಾವಣಿಯ ಅಂಚಿನಲ್ಲಿ ಸೋಲಾರ್ ಫಲಕ, ನೀರು ಕಾಯಿಸುವ ಸೋಲಾರ್ ಹೀಟರ್, ತಗಡಿನ ಚಪ್ಪರ ಇವುಗಳನ್ನು ಸಾಲಾಗಿ ಕೂರಿಸುವ ನಮ್ಮ ಊರುಗಳಲ್ಲಿ ಈ ತಪ್ಪು ಪಾಠಪುಸ್ತಕದ ತಪ್ಪಾಗಿ ಉಳಿಯುವುದಿಲ್ಲ. ಕ್ಯಾಟೊ ಮತ್ತು ಲಾಂಡರ್ 1993ರಲ್ಲಿ ಸೂಚಿಸಿದ ತಿದ್ದುಪಡಿ, ಅನಂತರ ಬಂದ ಬೇರೆ ಮಿತಿಗಳು, ‘ರಿಯಲೈಜಬಲ್’ ಮತ್ತು ‘ಆರ್‌ಎನ್‌ಜಿ’ ಎಂಬ ರೂಪಾಂತರಗಳು ಈ ದೋಷವನ್ನು ಗಣನೀಯವಾಗಿ ತಗ್ಗಿಸುತ್ತವೆ. ಹೀಗಾಗಿ ವರದಿಯಲ್ಲಿ ಬರೀ ‘ಕೆ–ಎಪ್ಸಿಲಾನ್ ಬಳಸಲಾಗಿದೆ’ ಎಂದು ಬರೆದರೂ ಸಾಲದು, ಯಾವ ಕೆ–ಎಪ್ಸಿಲಾನ್ ಎಂದು ಹೇಳಬೇಕು.

ಇನ್ನೊಂದು ಕವಲು ಕೆ–ಒಮೆಗಾ ಮಾದರಿಗಳದು; ಒಮೆಗಾ ಎಂದರೆ ಏರಿಳಿತದ ಶಕ್ತಿಯ ಪ್ರತಿ ಘಟಕಕ್ಕೆ ಅದು ಕರಗುವ ದರ. 1988ರಲ್ಲಿ ವಿಲ್ಕಾಕ್ಸ್ ಪ್ರಕಟಿಸಿದ ರೂಪ ಗೋಡೆಯ ಬಳಿ ಚೆನ್ನಾಗಿ ವರ್ತಿಸುತ್ತದೆಯಾದರೂ, ಗೋಡೆಯಿಂದ ದೂರದ ಮುಕ್ತ ಗಾಳಿಯಲ್ಲಿ ಒಮೆಗಾಕ್ಕೆ ಬಳಕೆದಾರ ಯಾವ ಬೆಲೆ ಕೊಟ್ಟ ಎಂಬುದರ ಮೇಲೆ ಅದರ ಉತ್ತರ ವಿಪರೀತವಾಗಿ ಅವಲಂಬಿಸಿರುತ್ತದೆ. ಇದನ್ನು ಗಮನಿಸಿದ ಮೆಂಟರ್, ನಾಸಾದ ಏಮ್ಸ್ ಕೇಂದ್ರದಲ್ಲಿದ್ದಾಗ, ಗೋಡೆಯ ಬಳಿ ಕೆ–ಒಮೆಗಾ, ದೂರದಲ್ಲಿ ಕೆ–ಎಪ್ಸಿಲಾನ್ ಆಗುವಂತೆ ಎರಡನ್ನೂ ಬೆಸೆದು, ಗೋಡೆಯ ಬಳಿಯ ಬಲಕ್ಕೆ ಒಂದು ಮಿತಿಯನ್ನೂ ಹಾಕಿ, 1994ರಲ್ಲಿ ಎಸ್‌ಎಸ್‌ಟಿ (ಶಿಯರ್ ಸ್ಟ್ರೆಸ್ ಟ್ರಾನ್ಸ್‌ಪೋರ್ಟ್) ಮಾದರಿಯನ್ನು ಕೊಟ್ಟರು. ವಿಮಾನದ ರೆಕ್ಕೆ, ಪಂಪು, ಟರ್ಬೈನುಗಳ ಕೆಲಸದಲ್ಲಿ ಇಂದು ಇದು ಮೊದಲ ಆಯ್ಕೆಗಳಲ್ಲೊಂದು. ಆದರೆ ಎಸ್‌ಎಸ್‌ಟಿ ಎಂದು ಬರೆದ ಮಾತ್ರಕ್ಕೆ ಲೆಕ್ಕ ಗಟ್ಟಿಯಾಗುವುದಿಲ್ಲ. ಅದರ ಸಾಮರ್ಥ್ಯ ಪೂರ್ತಿ ಒದಗಬೇಕಾದರೆ ಲೆಕ್ಕಕ್ಕಾಗಿ ಗಾಳಿಯ ಜಾಗವನ್ನು ಸೀಳಿದ ಕೋಶಗಳಲ್ಲಿ ಗೋಡೆಗೆ ತಾಗಿದ ಮೊದಲನೆಯದರ ‘ವೈ-ಪ್ಲಸ್’ (ಗೋಡೆಯಿಂದ ಅದರ ದೂರವನ್ನು ಸ್ನಿಗ್ಧತೆಗೆ ಹೋಲಿಸಿ ಹೇಳುವ ಸಂಖ್ಯೆ) ಒಂದರ ಹತ್ತಿರ ಇರಬೇಕು. ನಮ್ಮ ನೂರು ಮೀಟರ್ ಕಟ್ಟಡಕ್ಕೆ ಅದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ತೆಳುವಾದ ಕೋಶ. ಇಡೀ ಬಡಾವಣೆಯನ್ನು ಮೆಶ್‌ನೊಳಗೆ (ಈ ಕೋಶಗಳ ಬಲೆಯೊಳಗೆ) ತರುವ ಕೆಲಸದಲ್ಲಿ ಅಷ್ಟು ತೆಳುವಾಗಿ ಯಾರೂ ಸೀಳುವುದಿಲ್ಲ, ಸೀಳಬೇಕಾಗಿಯೂ ಇಲ್ಲ. ಚೂಪು ಮೂಲೆಯ ಕಟ್ಟಡದಲ್ಲಿ ಗಾಳಿ ಎಲ್ಲಿ ಕಳಚಿಕೊಳ್ಳಬೇಕೆಂಬುದನ್ನು ಮೂಲೆಯೇ ನಿರ್ಧರಿಸಿಬಿಡುವುದರಿಂದ, ವೈ-ಪ್ಲಸ್ 30ರಿಂದ 300ರ ನಡುವೆ ಅಥವಾ ಅದಕ್ಕೂ ಮೇಲೆ ಇಟ್ಟು, ಗೋಡೆಯ ಹತ್ತಿರದ ಹರಿವನ್ನು ಸಿದ್ಧ ಸೂತ್ರದಿಂದ ತುಂಬುವ ವಾಲ್ ಫಂಕ್ಷನ್ ಬಳಸಿದರೂ ದೊಡ್ಡ ನಷ್ಟವಿಲ್ಲ ಎಂಬುದು ಈ ಕ್ಷೇತ್ರದ ಸಾಮಾನ್ಯ ಅನುಭವ.

ದುಂಡಗಿನ ಆಕಾರಗಳಲ್ಲಿ ಪರಿಸ್ಥಿತಿ ತಿರುವುಮುರುವು. ಚಿಮಣಿ, ಶೀತಲೀಕರಣ ಗೋಪುರ, ಗುಮ್ಮಟ, ಈಗ ವಾಸ್ತುಶಿಲ್ಪಿಗಳಿಗೆ ಪ್ರಿಯವಾಗಿರುವ ಬಾಗಿದ ಗಾಜಿನ ಮುಖ ಇವುಗಳಲ್ಲಿ ಕಳಚುವ ಬಿಂದು ಒಂದೆಡೆ ನಿಲ್ಲದೆ ಗಡಿಪದರದ ಸ್ಥಿತಿಯನ್ನು ಅನುಸರಿಸಿ ಸರಿಯುತ್ತದೆ. ನುಣುಪಾದ ಉರುಳೆಯ ಮೇಲೆ ರೆನಾಲ್ಡ್ಸ್ ಸಂಖ್ಯೆ ಸುಮಾರು ಮೂರು ಲಕ್ಷ ದಾಟುವಾಗ ಎಳೆತದ ಗುಣಾಂಕ (ಗಾಳಿ ವಸ್ತುವನ್ನು ತಳ್ಳುವ ಬಲದ ಅಳತೆ) 1.2ರಿಂದ 0.3ರ ಸುತ್ತಮುತ್ತ ಕುಸಿಯುತ್ತದೆ. ಕಾರಣ, ಶಾಂತವಾಗಿದ್ದ ಗಡಿಪದರ ಪ್ರಕ್ಷುಬ್ಧವಾಗಿ ಗೋಡೆಯನ್ನು ಹೆಚ್ಚು ದೂರ ಹಿಡಿದುಕೊಳ್ಳುತ್ತದೆ. ಎಲ್ಲೆಡೆಯೂ ಪ್ರಕ್ಷುಬ್ಧತೆ ಇದೆಯೆಂದು ಮೊದಲೇ ಒಪ್ಪಿಕೊಂಡು ಹೊರಡುವ ಮಾದರಿಗಳಿಗೆ ಈ ಬದಲಾವಣೆ ಕಾಣುವುದೇ ಇಲ್ಲ. ಶಾಂತ ಹರಿವು ಪ್ರಕ್ಷುಬ್ಧವಾಗುವ ನಡುವಿನ ವಲಯವನ್ನು ಅಂಕಿಗಳಲ್ಲಿ ಹಿಡಿದ ಮೂಲಭೂತ ಕೆಲಸಗಳಲ್ಲೊಂದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ನಡೆಯಿತು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ ಅವರು 1958ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆ ವಲಯದ ಒಂದು ಬಿಂದುವಿನಲ್ಲಿ ಹರಿವು ಒಟ್ಟು ಕಾಲದ ಎಷ್ಟು ಭಾಗ ಪ್ರಕ್ಷುಬ್ಧವಾಗಿರುತ್ತದೆ ಎಂಬುದಕ್ಕೆ ಒಂದೇ ಬಗೆಯ ವಿತರಣಾ ಸೂತ್ರ ಹೊಂದುತ್ತದೆಂದು ತೋರಿಸಿದರು. ಆ ಅಂಶವನ್ನು ‘ಇಂಟರ್‌ಮಿಟೆನ್ಸಿ’ ಎನ್ನುತ್ತಾರೆ. ಎಸ್‌ಎಸ್‌ಟಿಯ ಜೊತೆಗೆ ಇಂದು ಸಾಫ್ಟ್‌ವೇರುಗಳಲ್ಲಿ ಸಿಗುವ ಪರಿವರ್ತನಾ ಮಾದರಿಗಳು ಇದೇ ಇಂಟರ್‌ಮಿಟೆನ್ಸಿಗೆ ಪ್ರತ್ಯೇಕ ಸಮೀಕರಣ ಬರೆದು ಬಿಡಿಸುತ್ತವೆ.

ಮಾದರಿಯ ಹೆಸರಿನ ಬಗ್ಗೆ ಇಷ್ಟು ಹೇಳಿದ ಮೇಲೆ, ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಹೆಚ್ಚು ಹಾನಿ ಮಾಡುತ್ತಿರುವ ಎರಡು ಆಯ್ಕೆಗಳತ್ತ ಬರುತ್ತೇನೆ. ಮೊದಲನೆಯದು ಒಳಬರುವ ಗಾಳಿಯ ಪ್ರಕ್ಷುಬ್ಧತೆ. ಪ್ರಚಲಿತ ಸಾಫ್ಟ್‌ವೇರುಗಳಲ್ಲಿ ಇನ್‌ಲೆಟ್‌ನ, ಅಂದರೆ ಗಾಳಿ ಒಳಬರುವ ಬದಿಯ, ಪ್ರಕ್ಷುಬ್ಧತೆಯ ತೀವ್ರತೆ (ಸರಾಸರಿ ವೇಗಕ್ಕೆ ಹೋಲಿಸಿದಾಗ ಏರಿಳಿತದ ಪ್ರಮಾಣ) ಶೇ 5 ಎಂದು ತಾನಾಗಿಯೇ ತುಂಬಿಕೊಂಡಿರುವುದುಂಟು. ಪೈಪಿನೊಳಗಿನ ಹರಿವಿಗೆ ಅದು ತಕ್ಕಮಟ್ಟಿನ ಬೆಲೆ. ನಗರದ ಮೇಲೆ ಬೀಸಿಬರುವ ಗಾಳಿಯಲ್ಲಿ ನೆಲದ ಹತ್ತಿರ ಈ ತೀವ್ರತೆ ಶೇ 20ರಿಂದ 30ರವರೆಗೂ ಇರುತ್ತದೆ. ಪ್ರಕ್ಷುಬ್ಧತೆಯ ಶಕ್ತಿ ತೀವ್ರತೆಯ ವರ್ಗಕ್ಕೆ ಅನುಗುಣವಾದ್ದರಿಂದ, ಶೇ 25 ಇರಬೇಕಾದಲ್ಲಿ ಶೇ 5 ಬಿಟ್ಟರೆ ಶಕ್ತಿ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರಿಂದ ಕಟ್ಟಡದ ಬದಿಗಳಲ್ಲಿ ಕಳಚಿದ ಗಾಳಿ ಮತ್ತೆ ಅಂಟಿಕೊಳ್ಳುವ ಜಾಗ, ಹಿಂಬದಿಯ ಸುಳಿವಲಯದ ಉದ್ದ, ಪಾದಚಾರಿಗಳ ಮಟ್ಟದ ವೇಗ ಎಲ್ಲವೂ ಬದಲಾಗುತ್ತವೆ. ಎತ್ತರದೊಡನೆ ಲಾಗರಿದಮ್‌ನಂತೆ ಏರುವ ವೇಗ ಮತ್ತು ಅದಕ್ಕೆ ಹೊಂದುವ ಕೆ, ಎಪ್ಸಿಲಾನ್ ಬೆಲೆಗಳನ್ನು ರಿಚರ್ಡ್ಸ್ ಮತ್ತು ಹಾಕ್ಸಿ 1993ರಷ್ಟು ಹಿಂದೆಯೇ ಸೂತ್ರರೂಪದಲ್ಲಿ ಕೊಟ್ಟಿದ್ದಾರೆ. ಅಲ್ಲಿಯೂ ಒಂದು ಸೂಕ್ಷ್ಮವಿದೆ: ವಾತಾವರಣದ ಕೆಳಪದರದ ಮಾಪನಗಳನ್ನು ಅನುಸರಿಸಿದರೆ 0.09 ಎಂಬ ಸ್ಥಿರಾಂಕದ ಜಾಗದಲ್ಲಿ 0.03ರ ಆಸುಪಾಸಿನ ಬೆಲೆ ಬೇಕಾಗುತ್ತದೆ. ಅದನ್ನು ಬದಲಿಸಿದವರು ಬದಲಿಸಿದ್ದೇವೆಂದೂ, ಬಿಟ್ಟವರು ಬಿಟ್ಟಿದ್ದೇವೆಂದೂ ಬರೆಯುವುದು ನ್ಯಾಯ.

ಎರಡನೆಯದು ನೆಲದ ಒರಟುತನ. ಇದು ವರದಿಗಳಲ್ಲಿ ಉಲ್ಲೇಖವೇ ಆಗದ, ಆದರೆ ಇಡೀ ಫಲಿತಾಂಶವನ್ನು ಬುಡದಿಂದ ಅಲ್ಲಾಡಿಸಬಲ್ಲ ಸಂಗತಿಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಹವಾಮಾನಶಾಸ್ತ್ರದವರು ಒಂದು ಪ್ರದೇಶದ ಒರಟುತನವನ್ನು ‘ಝಡ್-ಸೊನ್ನೆ’ ಎಂಬ ಉದ್ದದಿಂದ ಅಳೆಯುತ್ತಾರೆ; ತೆರೆದ ಹುಲ್ಲುಗಾವಲಿಗೆ ಅದು ಕೆಲವು ಸೆಂಟಿಮೀಟರ್, ಊರ ಹೊರವಲಯದ ಬಡಾವಣೆಗೆ ಅರ್ಧ ಮೀಟರ್, ನಗರದ ನಡುಭಾಗಕ್ಕೆ ಒಂದು ಮೀಟರ್ ಮತ್ತು ಮೇಲೆ. ಸಾಫ್ಟ್‌ವೇರಿನ ವಾಲ್ ಫಂಕ್ಷನ್ ಕೇಳುವುದು ಅದನ್ನಲ್ಲ. ಪೈಪಿನ ಒಳಮೈಗೆ ಅಂಟಿಸಿದ ಮರಳಿನ ಕಣದ ಎತ್ತರವನ್ನು. ಎರಡನ್ನೂ ಹೊಂದಿಸಿದರೆ ಮರಳಿನ ಕಣದ ಎತ್ತರ ಝಡ್-ಸೊನ್ನೆಯ ಸುಮಾರು 20ರಿಂದ 30 ಪಟ್ಟು ಆಗುತ್ತದೆ. ಝಡ್-ಸೊನ್ನೆ ಅರ್ಧ ಮೀಟರ್ ಎಂದರೆ ಕಣದ ಎತ್ತರ ಕಡಿಮೆಯೆಂದರೂ ಹತ್ತು ಮೀಟರ್! ಮೊದಲ ಕೋಶದ ಮಧ್ಯಬಿಂದು ಈ ಎತ್ತರಕ್ಕಿಂತ ಮೇಲಿರಬೇಕೆಂಬುದು ವಾಲ್ ಫಂಕ್ಷನ್ನಿನ ನಿಯಮ. ಹಾಗಾದರೆ ಮೊದಲ ಕೋಶವೇ ಇಪ್ಪತ್ತು ಮೀಟರ್, ಅಂದರೆ ಆರೇಳು ಅಂತಸ್ತು ಎತ್ತರವಾಗಬೇಕು. ಆದರೆ ಪಾದಚಾರಿಗೆ ತಗಲುವ ಗಾಳಿಯನ್ನು ಅಳೆಯಬೇಕಾದದ್ದು ನೆಲದಿಂದ ಒಂದೂವರೆ, ಎರಡು ಮೀಟರ್ ಎತ್ತರದಲ್ಲಿ, ಅದೂ ನೆಲದಿಂದ ಮೂರನೆಯ ಕೋಶದಲ್ಲೋ ಅದಕ್ಕೂ ಮೇಲಿನದರಲ್ಲೋ ಬರುವಂತೆ ಮೆಶ್ ಮಾಡಿ ಎಂದು ಜಪಾನಿನ ವಾಸ್ತುಶಿಲ್ಪ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಎರಡೂ ನಿಯಮಗಳು ಒಟ್ಟಿಗೆ ನಡೆಯುವುದು ಸಾಧ್ಯವಿಲ್ಲ.

ಬರ್ಟ್ ಬ್ಲಾಕನ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಈ ಇಕ್ಕಟ್ಟನ್ನು ಬಿಡಿಸಿ ಬರೆದರು. ಸಾಮಾನ್ಯವಾಗಿ ಆಗುವುದೇನೆಂದರೆ, ಬಳಕೆದಾರ ಮೆಶ್ ಅನ್ನು ನುಣ್ಣಗೆ ಮಾಡಿ, ಒರಟುತನವನ್ನು ಸದ್ದಿಲ್ಲದೆ ಕೈಬಿಡುತ್ತಾನೆ, ಇಲ್ಲವೇ ಸಾಫ್ಟ್‌ವೇರೇ ಅದನ್ನು ಕೋಶದ ಅಳತೆಗೆ ಮೊಟಕುಗೊಳಿಸುತ್ತದೆ. ಆಗ ಇನ್‌ಲೆಟ್‌ನಲ್ಲಿ ನಗರದ ಗಾಳಿಯೆಂದು ಕೊಟ್ಟದ್ದು ನಯವಾದ ನೆಲದ ಮೇಲೆ ಹರಿಯುತ್ತ, ಕಟ್ಟಡವನ್ನು ತಲುಪುವ ಮೊದಲೇ ನೆಲಮಟ್ಟದಲ್ಲಿ ವೇಗ ಹೆಚ್ಚಿಸಿಕೊಂಡು ಬೇರೆಯದೇ ಗಾಳಿಯಾಗಿಬಿಡುತ್ತದೆ. ವರದಿಯಲ್ಲಿ ಬರೆದ ಗಾಳಿ ಒಂದು, ಕಟ್ಟಡಕ್ಕೆ ಬಡಿದದ್ದು ಇನ್ನೊಂದು. ಇದನ್ನು ಪತ್ತೆಹಚ್ಚಲು ದೊಡ್ಡ ಪಾಂಡಿತ್ಯವೇನೂ ಬೇಡ. ಕಟ್ಟಡಗಳನ್ನೆಲ್ಲ ತೆಗೆದುಹಾಕಿ, ಅದೇ ಮೆಶ್, ಅದೇ ಮಾದರಿ, ಅದೇ ಒರಟುತನ ಇಟ್ಟುಕೊಂಡು ಖಾಲಿ ಮೈದಾನದ ಮೇಲೆ ಗಾಳಿಯನ್ನು ಹಾಯಿಸಿ, ಒಳಬಂದ ವೇಗದ ರೇಖೆ ಕಟ್ಟಡ ಇರಬೇಕಾದ ಜಾಗದಲ್ಲಿಯೂ ಹಾಗೆಯೇ ಉಳಿದಿದೆಯೇ ಎಂದು ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದು ತೋರಿಸಿದರೆ ಸಾಕು. ಯಾವುದೇ ಗಾಳಿ ವರದಿಯಲ್ಲಿ ಒಂದೇ ಒಂದು ನಕ್ಷೆಯನ್ನು ಕಡ್ಡಾಯ ಮಾಡುವ ಅಧಿಕಾರ ನನಗಿದ್ದಿದ್ದರೆ ನಾನು ಈ ನಕ್ಷೆಯನ್ನೇ ಕೇಳುತ್ತಿದ್ದೆ. ಬಣ್ಣದ ಚಿತ್ರಗಳು ಆಮೇಲೆ ಬರಲಿ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಸರಾಸರಿಯ ಮಾದರಿಗಳು ಕೊಡುವುದು ಸರಾಸರಿಯನ್ನೇ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಕುರಿತ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದ 2015ರ ಆವೃತ್ತಿಯಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದು ಕೊಟ್ಟಿರುವ ಮೂಲ ವೇಗ, ಹತ್ತು ಮೀಟರ್ ಎತ್ತರದಲ್ಲಿ ಮೂರು ಸೆಕೆಂಡಿನ ಬೀಸಿಗೆ ಸಂಬಂಧಿಸಿದ್ದು. ಕೆ–ಎಪ್ಸಿಲಾನ್ ಅಥವಾ ಎಸ್‌ಎಸ್‌ಟಿ ಬಳಸಿದ ಸ್ಥಿರ ಲೆಕ್ಕದೊಳಗೆ ಮೂರು ಸೆಕೆಂಡು ಎಂಬ ಕಾಲವೇ ಇಲ್ಲ. ಸರಾಸರಿಯನ್ನು ನಂಬಿ ಬೀಸನ್ನು ಮರೆತದ್ದರ ಬೆಲೆ ಏನೆಂದು ಇಂಗ್ಲೆಂಡಿನ ಯಾರ್ಕ್‌ಷೈರಿನ ಫೆರ್ರಿಬ್ರಿಜ್ ವಿದ್ಯುತ್ ಸ್ಥಾವರದಲ್ಲಿ 1965ರ ನವೆಂಬರ್ 1ರಂದು ಕಂಡಿತು. ಅಲ್ಲಿದ್ದ ಎಂಟು ಶೀತಲೀಕರಣ ಗೋಪುರಗಳಲ್ಲಿ ಮೂರು ಗಾಳಿಗೆ ಕುಸಿದವು. ಬಿದ್ದವು ಗಾಳಿಗೆ ಎದುರಾಗಿ ನಿಂತ ಮುಂದಿನ ಸಾಲಿನವಲ್ಲ, ಅವುಗಳ ಹಿಂದೆ ಮರೆಯಲ್ಲಿದ್ದವು. ವಿನ್ಯಾಸದಲ್ಲಿ ಒಂದು ನಿಮಿಷದ ಸರಾಸರಿ ವೇಗವನ್ನು ಹಿಡಿದದ್ದು ಮತ್ತು ಗೋಪುರಗಳು ಗುಂಪಾಗಿ ನಿಂತಾಗ ಮುಂದಿನವುಗಳ ಸುಳಿಗಳು ಹಿಂದಿನವುಗಳನ್ನು ಬಡಿಯುವುದನ್ನು ಗಣಿಸದೆ ಹೋದದ್ದು ಮುಖ್ಯ ಕಾರಣಗಳಾಗಿದ್ದವು. ಒಂದೇ ಆವರಣದಲ್ಲಿ ಆರೆಂಟು ಗೋಪುರಗಳನ್ನು ಒತ್ತೊತ್ತಾಗಿ ನಿಲ್ಲಿಸುವ ವಸತಿ ಯೋಜನೆಗಳಿಗೆ ಇದು ದೂರದ ಕಥೆಯೇನಲ್ಲ. ಮೂವತ್ತು ಮೀಟರ್ ಅಗಲದ ಚೌಕ ಗೋಪುರದ ಎರಡು ಬದಿಗಳಿಂದ, ಸೆಕೆಂಡಿಗೆ 25 ಮೀಟರ್ ಗಾಳಿಯಲ್ಲಿ, ಸುಮಾರು ಹತ್ತು ಸೆಕೆಂಡಿನ ಆವರ್ತದಲ್ಲಿ ಸುಳಿಗಳು ಸರದಿಯಂತೆ ಕಳಚಿಕೊಂಡು ಕಟ್ಟಡವನ್ನು ಅಡ್ಡಡ್ಡ ತೂಗುತ್ತವೆ. ಸ್ಥಿರ ಲೆಕ್ಕಕ್ಕೆ ಈ ತೂಗಾಟದ ಸುಳಿವೇ ಸಿಗುವುದಿಲ್ಲ, ಅದಕ್ಕಾಗಿಯೇ ಅದು ಕಟ್ಟಡದ ಹಿಂಬದಿಯ ಸುಳಿವಲಯವನ್ನು ನಿಜಕ್ಕಿಂತ ಉದ್ದವಾಗಿ ತೋರಿಸುತ್ತದೆ.

ದೊಡ್ಡ ಸುಳಿಗಳನ್ನು ಕಾಲಕ್ಕೆ ತಕ್ಕಂತೆ ನೇರವಾಗಿ ಲೆಕ್ಕ ಹಾಕಿ ಚಿಕ್ಕವನ್ನು ಮಾತ್ರ ಮಾದರಿಗೆ ಬಿಡುವ ಎಲ್‌ಇಎಸ್ (ಲಾರ್ಜ್ ಎಡ್ಡಿ ಸಿಮ್ಯುಲೇಶನ್) ವಿಧಾನ ಇದಕ್ಕೆ ಉತ್ತರ ಎನ್ನುವವರಿದ್ದಾರೆ. ಹವಾಮಾನದ ಲೆಕ್ಕಕ್ಕಾಗಿ ಸ್ಮಾಗೊರಿನ್‌ಸ್ಕಿ 1963ರಲ್ಲಿ ಇದರ ಅಡಿಪಾಯ ಹಾಕಿದರು. ನಾನು ಇದರ ವಿರೋಧಿಯಲ್ಲ. ಆದರೆ ಇದರಲ್ಲಿಯೂ ಆಯ್ಕೆಗಳು ತಪ್ಪುವುದಿಲ್ಲ. ಚಿಕ್ಕ ಸುಳಿಗಳ ಸ್ನಿಗ್ಧತೆಯನ್ನು ನಿರ್ಧರಿಸುವ ಸ್ಮಾಗೊರಿನ್‌ಸ್ಕಿ ಸ್ಥಿರಾಂಕಕ್ಕೆ ಸಿದ್ಧಾಂತ ಹೇಳುವ ಬೆಲೆ 0.17, ಗೋಡೆಗಳ ನಡುವಿನ ಹರಿವಿನಲ್ಲಿ ಬಳಸುವುದು 0.1, ಸ್ನಿಗ್ಧತೆ ಅದರ ವರ್ಗದಂತೆ ಏರುವುದರಿಂದ ಎರಡರ ನಡುವೆ ಸುಮಾರು ಮೂರು ಪಟ್ಟಿನ ಅಂತರವಿದೆ. ಇನ್‌ಲೆಟ್‌ನಲ್ಲಿ ನಿಜವಾದ ಏರಿಳಿತಗಳನ್ನು ಕಾಲದುದ್ದಕ್ಕೂ ಒದಗಿಸದೆ ನಯವಾದ ಗಾಳಿಯನ್ನು ಬಿಟ್ಟರೆ, ದುಬಾರಿ ಎಲ್‌ಇಎಸ್ ಲೆಕ್ಕ ಚೆನ್ನಾಗಿ ಮಾಡಿದ ಸರಾಸರಿಯ ಲೆಕ್ಕಕ್ಕಿಂತ ಕಡೆಯಾಗಬಹುದು.

ಬೆಂಗಳೂರಿಗೆ ಸಂಬಂಧಿಸಿ ಒಂದು ಮಾತನ್ನು ಸೇರಿಸಬೇಕು. ಇಲ್ಲಿ ಮರಗಳನ್ನು ಉರುಳಿಸುವ ಗಾಳಿ ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವದ ಗುಡುಗುಮಳೆಯೊಡನೆ ಬರುತ್ತದೆ. ಮೋಡದಿಂದ ಕೆಳಗೆ ಧುಮುಕಿ ನೆಲದ ಮೇಲೆ ಹರಡುವ ಆ ಗಾಳಿ ಎತ್ತರದೊಡನೆ ನಿಧಾನವಾಗಿ ಏರುವ ಲಾಗರಿದಮ್ ರೇಖೆಗೆ ಬದ್ಧವಲ್ಲ, ಅದರ ಗರಿಷ್ಠ ವೇಗ ನೆಲಕ್ಕೆ ಹತ್ತಿರದಲ್ಲಿಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಶ್ಚಿಮದ ಗಾಳಿಗೆ ಹೊಂದುವ ಇನ್‌ಲೆಟ್ ಇದಕ್ಕೆ ಹೊಂದುವುದಿಲ್ಲ. ಇನ್ನು ಗಾಳಿ ಮಂದವಾಗಿರುವ ಚಳಿಗಾಲದ ಬೆಳಗುಗಳಲ್ಲಿ ಪ್ರಶ್ನೆ ಬೇರೆ: ಎತ್ತರದ ಕಟ್ಟಡಗಳ ನಡುವೆ ವಾಹನಗಳ ಹೊಗೆ ಎಷ್ಟು ಹೊತ್ತು ನಿಲ್ಲುತ್ತದೆ? ಗಾಳಿ ಜೋರಾಗಿರುವ ಮೂಲೆಗಳಲ್ಲಿ ಸರಾಸರಿಯ ಮಾದರಿಗಳು ಮಾಪನಕ್ಕೆ ಶೇ 10ರಿಂದ 20ರೊಳಗೆ ಹೊಂದುವುದುಂಟು. ಕಟ್ಟಡದ ಹಿಂದಿನ ಮಂದ ಗಾಳಿಯ ಜಾಗಗಳಲ್ಲಿ ಅವು ವೇಗವನ್ನು ನಾಲ್ಕೈದು ಪಟ್ಟು ಕಡಿಮೆ ಹೇಳಬಲ್ಲವು. ಹೊಗೆಯ ಹರಡುವಿಕೆಗೆ ಬೇಕಾದ ಟರ್ಬ್ಯುಲೆಂಟ್ ಸ್ಮಿಟ್ ಸಂಖ್ಯೆಗೆ (ಸುಳಿಗಳು ಹುಟ್ಟಿಸುವ ಸ್ನಿಗ್ಧತೆಗೂ ಅವು ಹೊಗೆಯನ್ನು ಹರಡುವ ಸಾಮರ್ಥ್ಯಕ್ಕೂ ಇರುವ ಅನುಪಾತಕ್ಕೆ) ಬೇರೆ ಬೇರೆ ಅಧ್ಯಯನಗಳಲ್ಲಿ 0.2ರಿಂದ 1.3ರವರೆಗೆ ಬೆಲೆಗಳು ಬಳಕೆಯಾಗಿವೆ. ಒಂದೇ ಸಂಖ್ಯೆಯ ಈ ಹಿಗ್ಗುಕುಗ್ಗಿನಲ್ಲಿ ಮಾಲಿನ್ಯದ ಅಂದಾಜು ಎತ್ತ ಬೇಕಾದರೂ ವಾಲಬಹುದು. ಆದ್ದರಿಂದ ಪಾದಚಾರಿಗಳ ಅನುಕೂಲಕ್ಕಾಗಿ ಮಾಡಿದ ಸಿಮ್ಯುಲೇಶನ್ನನ್ನು ಎತ್ತಿಕೊಂಡು ಮಾಲಿನ್ಯದ ವಾದಕ್ಕೆ ಬಳಸುವುದನ್ನು ಒಪ್ಪಲಾಗದು.

ಮೆಶ್‌ನ ಸೂಕ್ಷ್ಮತೆ, ಮೊದಲ ದರ್ಜೆಯ ಅಪ್‌ವಿಂಡ್ ಎಂಬ ಸುಲಭ ಲೆಕ್ಕದ ವಿಧಾನ ತನ್ನಷ್ಟಕ್ಕೆ ಸೇರಿಸುವ ಸುಳ್ಳು ಸ್ನಿಗ್ಧತೆ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಖ್ಯಾತ್ಮಕ ದೋಷವನ್ನು ಪರೀಕ್ಷಿಸದ ಲೇಖನಗಳನ್ನು ಸ್ವೀಕರಿಸುವುದಿಲ್ಲವೆಂದು ಅಮೆರಿಕದ ‘ಜರ್ನಲ್ ಆಫ್ ಫ್ಲೂಯಿಡ್ಸ್ ಎಂಜಿನಿಯರಿಂಗ್’ 1986ರಲ್ಲಿಯೇ ಸಂಪಾದಕೀಯ ನೀತಿಯಾಗಿ ಪ್ರಕಟಿಸಿತು. ಸಂಶೋಧನಾ ಪತ್ರಿಕೆಯೊಂದು ತನ್ನ ಲೇಖಕರಿಂದ ಅಂದೇ ಕೇಳಿದ್ದನ್ನು ಜನ ವಾಸಿಸುವ ಗೋಪುರಕ್ಕೆ ಅನುಮತಿ ಕೊಡುವ ಕಚೇರಿ ಇಂದು ಕೇಳುವುದರಲ್ಲಿ ಅತಿರೇಕವೇನಿಲ್ಲ.

ಲಂಡನ್ನಿನ ಹಳೆಯ ನಡುಭಾಗವಾದ ‘ಸಿಟಿ ಆಫ್ ಲಂಡನ್’ನ ಆಡಳಿತ 2019ರ ಆಗಸ್ಟಿನಲ್ಲಿ ಹೊರಡಿಸಿದ ಗಾಳಿಯ ಮಾರ್ಗಸೂಚಿಯು 50 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆ ಸಿಮ್ಯುಲೇಶನ್ ಮತ್ತು ವಿಂಡ್ ಟನೆಲ್ ಪರೀಕ್ಷೆ ಎರಡನ್ನೂ ಬಯಸುತ್ತದೆ. ನಮ್ಮಲ್ಲಿ ಒಮ್ಮೆಲೇ ಅಷ್ಟು ದೂರ ಹೋಗಲು ಸಾಧ್ಯವಾಗದಿದ್ದರೂ, ನಗರಾಭಿವೃದ್ಧಿ ಇಲಾಖೆಯು ಸಿಮ್ಯುಲೇಶನ್ ವರದಿಗಳಿಗೆ ಒಂದು ಪುಟದ ಅನುಬಂಧವನ್ನು ಕಡ್ಡಾಯ ಮಾಡಬಹುದು. ಮಾದರಿಯ ಪೂರ್ಣ ಹೆಸರು ಮತ್ತು ಬದಲಿಸಿದ ಸ್ಥಿರಾಂಕಗಳು, ಇನ್‌ಲೆಟ್‌ನ ವೇಗ ಹಾಗೂ ಪ್ರಕ್ಷುಬ್ಧತೆಯ ರೇಖೆಗಳು, ನೆಲದ ಒರಟುತನ, ಖಾಲಿ ಮೈದಾನದ ಪರೀಕ್ಷೆಯ ನಕ್ಷೆ, ಜೊತೆಗೆ ಬೇರೊಂದು ಮಾದರಿ ಇಟ್ಟು ಅತ್ಯಂತ ಪ್ರತಿಕೂಲವಾದ ದಿಕ್ಕಿಗೆ ಮತ್ತೊಮ್ಮೆ ಮಾಡಿದ ಲೆಕ್ಕ ಇಷ್ಟು ಅದರಲ್ಲಿರಲಿ. ಎರಡು ಮಾದರಿಗಳು ಹತ್ತಿರದ ಉತ್ತರ ಕೊಟ್ಟರೆ ಉತ್ತರ ಸರಿಯೆಂದು ಸಾಬೀತಾಗುವುದಿಲ್ಲ ನಿಜ. ಆದರೆ ಪರಸ್ಪರ ದೂರದ ಉತ್ತರ ಕೊಟ್ಟರೆ ವಿಂಡ್ ಟನೆಲಿಗೆ ಹೋಗಲೇಬೇಕೆಂಬುದು ಖಚಿತವಾಗುತ್ತದೆ. ಗಾಳಿಯ ಒತ್ತಡ ಮತ್ತು ತೂಗಾಟದ ವಿಷಯದಲ್ಲಂತೂ, ಎತ್ತರವು ಕಿರಿದಾದ ಅಗಲದ ಐದು ಪಟ್ಟು ಮೀರಿದ ಕಟ್ಟಡಗಳ ಚಲನಶೀಲ ವರ್ತನೆಯನ್ನು ಪರಿಶೀಲಿಸಬೇಕೆಂದು ಐಎಸ್ 875 ಹೇಳಿರುವಾಗ, ಸ್ಥಿರ ಸಿಮ್ಯುಲೇಶನ್ನನ್ನು ಅದಕ್ಕೆ ಬದಲಿಯಾಗಿ ಒಪ್ಪಿಕೊಳ್ಳಲೇಬಾರದು.

ಇದು ತೀರ ತಾಂತ್ರಿಕ, ಇಲಾಖೆಯ ಅಧಿಕಾರಿಗಳಿಗೆ ಅರ್ಥವಾಗದು ಎಂಬ ಆಕ್ಷೇಪವನ್ನು ನಾನು ನಿರೀಕ್ಷಿಸುತ್ತೇನೆ. ಮಣ್ಣಿನ ಪರೀಕ್ಷೆಯ ವರದಿಯೂ ತಾಂತ್ರಿಕವೇ. ಆದರೂ ಕೊರೆದ ಗುಂಡಿಗಳೆಷ್ಟು, ಆಳವೆಷ್ಟು ಎಂದು ಬರೆಯದ ವರದಿಯನ್ನು ಯಾವ ಕಚೇರಿಯೂ ಸ್ವೀಕರಿಸುವುದಿಲ್ಲ. ಅನುಬಂಧವನ್ನು ಓದಿ ಹೇಳಬಲ್ಲವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದಲ್ಲಿ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಇದ್ದಾರೆ. ಖರ್ಚಿನ ಮಾತೂ ನಿಲ್ಲುವುದಿಲ್ಲ, ಏಕೆಂದರೆ ಮೆಶ್ ಒಮ್ಮೆ ಸಿದ್ಧವಾದ ಮೇಲೆ ಮಾದರಿಯನ್ನು ಬದಲಿಸಿ ಆ ಒಂದು ದಿಕ್ಕಿನ ಲೆಕ್ಕವನ್ನು ಮತ್ತೊಮ್ಮೆ ಓಡಿಸುವುದಕ್ಕೆ ಹೆಚ್ಚಾಗಿ ಬೇಕಾಗುವುದು ಕಂಪ್ಯೂಟರಿನ ಸಮಯ. ಓಪನ್‌ಫೋಮ್‌ನಂಥ ಮುಕ್ತ ಸಾಫ್ಟ್‌ವೇರಿನಲ್ಲಿ ಅದಕ್ಕೆ ಪರವಾನಗಿ ಶುಲ್ಕವೂ ಇಲ್ಲ. ತಮ್ಮ ಪತ್ರಿಕೆಯ ಕಟ್ಟಡ ಪುರವಣಿಗೆ ಇಂಥ ಚಿತ್ರಗಳು ಬಂದಾಗ, ಅವುಗಳ ಜೊತೆಗೆ ಮಾದರಿಯ ಹೆಸರನ್ನೂ ಇನ್‌ಲೆಟ್‌ನ ಪ್ರಕ್ಷುಬ್ಧತೆಯನ್ನೂ ಕೇಳಿ ಪಡೆದು ಚಿತ್ರದ ಅಡಿಯಲ್ಲಿ ಒಂದು ಸಾಲಿನಲ್ಲಿ ಮುದ್ರಿಸಬೇಕೆಂದು, ಕೊಡಲು ನಿರಾಕರಿಸಿದರೆ ಆ ಚಿತ್ರವನ್ನು ಜಾಹೀರಾತಿನ ಪುಟಕ್ಕೆ ಕಳುಹಿಸಬೇಕೆಂದು ಕೋರುತ್ತೇನೆ.

ಇತಿ,
ದ್ರವಗತಿ ವಿಜ್ಞಾನ ಬೋಧಿಸಿ ನಿವೃತ್ತನಾದ ಒಬ್ಬ ಅಧ್ಯಾಪಕ
ಧಾರವಾಡ